ಗುರಿ ಯಾರದು?

ಕಾಫಿಯ ಮೊಗ್ಗು ಮಳೆಗಾಗಿ ಕಾಯುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹದವಾದ ಹೂಮಳೆ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಹೊಸ ತಳಿಗಾಗಿ ದುಡಿಯುವ ವಿಜ್ಞಾನಿಗೆ ವರ್ಷದಲ್ಲಿ ಸಿಗುವ ಅವಕಾಶ ಅಷ್ಟೇ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಜಾತಿ. ಹಾಗಾಗಿ ಮೊಗ್ಗು ಬಿರಿಯುವ ಮೊದಲೇ ಅದನ್ನು ಬಿಡಿಸಿ, ಚಿಮಟದಿಂದ ಕೇಸರಗಳನ್ನು ಕಿತ್ತು, ರೆಂಬೆಗೆ ಚೀಲ ಕಟ್ಟಬೇಕು. ಹೂವಿನ ಶಲಾಕಾಗ್ರ ಹದಕ್ಕೆ ಬಂದಾಗ ಬೇರೆ ಗಿಡದ ಪರಾಗವನ್ನು ಸವರಿ ಮತ್ತೆ ಚೀಲ ಮುಚ್ಚಬೇಕು. ಕಾಯಿ ಹಣ್ಣಾಗಲು ಎಂಟೊಂಬತ್ತು ತಿಂಗಳು. ಆ ಬೀಜ ಸಸಿಯಾಗಿ, ಗಿಡವಾಗಿ, ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ. ಇಳುವರಿ, ರುಚಿ, ರೋಗನಿರೋಧಕ ಗುಣ ಇವೆಲ್ಲ ನಿಲ್ಲುತ್ತವೆಯೇ ಎಂದು ತಿಳಿಯಲು ಇಂಥ ಹಲವು ತಲೆಮಾರು ಬೆಳೆಸಿ ನೋಡಬೇಕು. ಒಂದು ತಳಿ ರೈತನ ಕೈ ಸೇರುವಾಗ ಎರಡು ದಶಕ ಕಳೆದಿರುತ್ತದೆ. ಕೆಲಸ ಶುರು ಮಾಡಿದವರು ಅಷ್ಟರಲ್ಲಿ ನಿವೃತ್ತರಾಗಿದ್ದರೂ ಆಶ್ಚರ್ಯವಿಲ್ಲ.

ಭದ್ರಾ ನದಿಯ ದಂಡೆಯ ಬಾಳೆಹೊನ್ನೂರಿನಲ್ಲಿ ಈ ಕೆಲಸ ಒಂದು ಶತಮಾನದಿಂದ ನಡೆದಿದೆ. 1925ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಾಫಿ ಪ್ರಯೋಗ ಕೇಂದ್ರವನ್ನು ಆರಂಭಿಸಿತು. ಅದಕ್ಕೆ ಕಾರಣರಾದವರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್. 1940ರ ದಶಕದಲ್ಲಿ ಕೇಂದ್ರ ಕಾಫಿ ಮಂಡಳಿಯ ವಶಕ್ಕೆ ಬಂತು. ಇಂದು ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಸ್. 288 ಮತ್ತು ಕೆಂಟ್ ತಳಿಗಳನ್ನು ಕೂಡಿಸಿ ಇಲ್ಲಿ ರೂಪಿಸಿದ ಎಸ್. 795 ಅದೇ ದಶಕದಲ್ಲಿ ಬೆಳೆಗಾರರ ಕೈಗೆ ಬಂತು. ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಅದನ್ನು ಕಾಣಬಹುದು.

ಇಪ್ಪತ್ತು ವರ್ಷದ ಆಚೆ ಇರುವ ಫಲಕ್ಕಾಗಿ ಮನುಷ್ಯ ಇಂದು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವುದು ಯಾಕೆ? ಸಂಬಳಕ್ಕೆ ಎಂದರೆ ಉತ್ತರ ಅರ್ಧವಷ್ಟೇ. ಅದೇ ಸಂಬಳಕ್ಕೆ ಒಬ್ಬ ಉತ್ಸಾಹದಿಂದ ದುಡಿಯುತ್ತಾನೆ, ಇನ್ನೊಬ್ಬ ದಿನ ದೂಡುತ್ತಾನೆ. ಸಂಜೆ ಮನೆಗೆ ಬಂದಾಗ ಒಬ್ಬನ ಮನಸ್ಸು ತುಂಬಿರುತ್ತದೆ, ಇನ್ನೊಬ್ಬನದು ಬತ್ತಿರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮನಃಶಾಸ್ತ್ರ ಕಳೆದ ಐವತ್ತು ವರ್ಷಗಳಲ್ಲಿ ಸಾಕಷ್ಟು ಬಿಡಿಸಿ ನೋಡಿದೆ. ಗುರಿ ಎಷ್ಟು ದೊಡ್ಡದು, ಅದನ್ನು ಮುಟ್ಟಿದೆವೋ ಇಲ್ಲವೋ ಎಂಬುದನ್ನಷ್ಟೇ ನಾವು ಸಾಮಾನ್ಯವಾಗಿ ಕೇಳಿಕೊಳ್ಳುತ್ತೇವೆ. ನೆಮ್ಮದಿಯ ಲೆಕ್ಕದಲ್ಲಿ ಅದಕ್ಕಿಂತ ತೂಕವಾದ ಪ್ರಶ್ನೆಗಳು ಬೇರೆ ಇವೆ: ಈ ಗುರಿ ಯಾರದು? ಇದನ್ನು ಯಾಕೆ ಹೊತ್ತಿದ್ದೇವೆ? ದಾರಿ ಮುಚ್ಚಿದರೆ ಇದನ್ನು ಇಳಿಸಿ ಬೇರೆಯದನ್ನು ಹೊರಲು ನಮಗೆ ಬರುತ್ತದೆಯೇ?

ಬಹುಮಾನ ಕೊಟ್ಟರೆ ಆಸೆ ಇಂಗುವುದು

1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಯುವ ಮನಃಶಾಸ್ತ್ರಜ್ಞ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಂದು ಒಗಟು ಕೊಟ್ಟಿದ್ದರು. ಆಟ ಸ್ವಾರಸ್ಯವಾಗಿತ್ತು, ಬಿಡುವು ಕೊಟ್ಟಾಗಲೂ ಹುಡುಗರು ಅದರಲ್ಲೇ ಮುಳುಗಿರುತ್ತಿದ್ದರು. ಆಮೇಲೆ ಒಂದು ಗುಂಪಿಗೆ ಬಿಡಿಸಿದ ಪ್ರತಿ ಒಗಟಿಗೂ ಹಣ ಕೊಟ್ಟು, ಮುಂದಿನ ಸುತ್ತಿನಲ್ಲಿ ಆ ಹಣವನ್ನು ನಿಲ್ಲಿಸಿದರು. ಹಣ ಪಡೆದು ರೂಢಿಯಾದವರು ಬಿಡುವಿನ ವೇಳೆಯಲ್ಲಿ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಮೊದಲು ಖುಷಿಗಾಗಿ ಮಾಡುತ್ತಿದ್ದದ್ದು ಈಗ ಕೂಲಿ ನಿಂತ ಕೆಲಸವಾಗಿತ್ತು.

ಎರಡು ವರ್ಷದ ನಂತರ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ಕಂಡರು. ಚಿತ್ರ ಬರೆದರೆ ಚೆಂದದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವು ಮಕ್ಕಳಿಗೆ ಮೊದಲೇ ಹೇಳಿದ್ದರು. ಆ ಮಕ್ಕಳು ಕೆಲವು ದಿನ ಕಳೆದ ಮೇಲೆ, ಬಹುಮಾನವಿಲ್ಲದ ಹೊತ್ತಿನಲ್ಲಿ, ಚಿತ್ರ ಬರೆಯಲು ಕೊಟ್ಟ ಸಮಯ ಉಳಿದ ಮಕ್ಕಳು ಕೊಟ್ಟ ಸಮಯದ ಅರ್ಧದಷ್ಟಿತ್ತು. ಪತ್ರದ ಸುದ್ದಿ ಮೊದಲು ಹೇಳದೆ, ಕೊನೆಯಲ್ಲಿ ಅಚಾನಕ್ಕಾಗಿ ಕೊಟ್ಟ ಮಕ್ಕಳ ಆಸಕ್ತಿ ಕುಂದಿರಲಿಲ್ಲ. ಆಸೆಯನ್ನು ಇಂಗಿಸಿದ್ದು ಬಹುಮಾನದ ವಸ್ತುವಲ್ಲ. ‘ಇದನ್ನು ಮಾಡಿದರೆ ಅದು ಸಿಗುತ್ತದೆ’ ಎಂಬ ಷರತ್ತು.

ಡೆಸಿ ಮತ್ತು ಅವರ ಜೊತೆಗಾರ ರಿಚರ್ಡ್ ರಯಾನ್ ಇಂಥ ಫಲಿತಾಂಶಗಳ ಮೇಲೆ ಸ್ವಯಂನಿರ್ಧಾರದ ಸಿದ್ಧಾಂತವನ್ನು ಕಟ್ಟಿದರು. ಅದರ ಪ್ರಕಾರ ಮನಸ್ಸು ಅರಳಲು ಮೂರು ಅಗತ್ಯಗಳು ಪೂರೈಕೆಯಾಗಬೇಕು. ಮೊದಲನೆಯದು ಸ್ವಾಯತ್ತತೆ, ಮಾಡುವ ಕೆಲಸಕ್ಕೆ ನನ್ನ ಒಪ್ಪಿಗೆ ಇದೆ ಎಂಬ ಅನುಭವ. ಎರಡನೆಯದು ಸಾಮರ್ಥ್ಯ, ಇದು ನನ್ನ ಕೈಲಾಗುತ್ತದೆ, ದಿನದಿನಕ್ಕೆ ಕೈ ಪಳಗುತ್ತಿದೆ ಎಂಬ ಅರಿವು. ಮೂರನೆಯದು ಸಂಬಂಧ, ನನ್ನವರು ಎನ್ನುವವರು ಇದ್ದಾರೆ, ಅವರಿಗೆ ನಾನು ಬೇಕು ಎಂಬ ಭರವಸೆ. ಮೂರರಲ್ಲಿ ಒಂದು ಸೊರಗಿದರೂ ಉಳಿದೆರಡು ಅದರ ಜಾಗ ತುಂಬಲಾರವು.

ಖುಷಿಯಿಲ್ಲದ ಕೆಲಸ, ಒಪ್ಪಿದ ಕೆಲಸ

ಇಲ್ಲಿ ಒಂದು ತಕರಾರು ಸಹಜ. ಆಟ, ಚಿತ್ರ ಎಲ್ಲ ಸರಿ. ಬದುಕಿನ ಹೆಚ್ಚಿನ ಕೆಲಸಗಳಲ್ಲಿ ಖುಷಿ ಎಲ್ಲಿದೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಲ್ಲಿ ಮುಂಗಾರಿನ ಹೊತ್ತಿಗೆ ಏನು ನಡೆಯುತ್ತದೆ ನೋಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ ಕೂಡಿಸಿದರೆ ತಿಳಿನೀಲಿ ಬಣ್ಣದ ಬೋರ್ಡೋ ದ್ರಾವಣ ಸಿದ್ಧ. ಕೊನೆಗಾರ ಜಾರುವ ಮರ ಹತ್ತಿ, ತುದಿಯಲ್ಲಿ ಕೂತು, ಕೊನೆಯ ಪ್ರತಿ ಕಾಯಿಗೂ ತಾಗುವಂತೆ ಔಷಧಿ ಹೊಡೆಯುತ್ತಾನೆ. ಕೆಳಗೆ ಒಬ್ಬರು ಪಂಪು ನೋಡಿಕೊಳ್ಳಬೇಕು, ಒಬ್ಬರು ಪೈಪು ಹಿಡಿಯಬೇಕು. ಜಿಗಣೆ, ಕೆಸರು, ಮೈಮೇಲೆ ಸುಣ್ಣದ ಹನಿ, ಯಾವಾಗ ಸುರಿಯುತ್ತದೋ ಎಂಬ ಮಳೆಯ ಆತಂಕ. ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸುತ್ತು. ತಪ್ಪಿದರೆ ಕೊಳೆರೋಗ ಬಂದು ಎಳೆಗಾಯಿಯೆಲ್ಲ ಉದುರುತ್ತದೆ. ಬಾಳೆಹೊನ್ನೂರಿನ ಕೇಂದ್ರಕ್ಕೆ ಕಾರಣರಾದ ಕೋಲ್ಮನ್ ಅವರೇ 1908ರಲ್ಲಿ ಮೈಸೂರಿಗೆ ಬಂದು, ಮಲೆನಾಡಿನ ಈ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ವಿವರಗಳನ್ನು ಪ್ರಕಟಿಸಿ, ಬೋರ್ಡೋ ಸಿಂಪರಣೆಯ ದಾರಿ ತೋರಿಸಿದವರು. ನೂರು ವರ್ಷ ದಾಟಿದರೂ ನಮ್ಮ ಮೊದಲ ಮದ್ದು ಅದೇ.

ಈ ಕೆಲಸ ಯಾರಿಗೂ ಆಟವಲ್ಲ. ಆದರೂ ಬಹಳ ಬೆಳೆಗಾರರು ಇದನ್ನು ಹೊರೆ ಎಂದು ಬೈದುಕೊಳ್ಳದೆ ಮಾಡುತ್ತಾರೆ. ಡೆಸಿ ಮತ್ತು ರಯಾನ್ ಇದಕ್ಕೆ ವಿವರಣೆ ಕೊಡುತ್ತಾರೆ. ಹೊರಗಿನ ಕಾರಣಕ್ಕಾಗಿ ಮಾಡುವ ಕೆಲಸಗಳಲ್ಲೂ ಹಂತಗಳಿವೆ. ಬೈಗುಳಕ್ಕೆ ಹೆದರಿ ಅಥವಾ ಕೂಲಿಗಷ್ಟೇ ಮಾಡುವುದು ಮೊದಲ ಹಂತ. ಮಾಡದಿದ್ದರೆ ನಾಲ್ಕು ಜನರೆದುರು ಮುಖ ತೋರಿಸುವುದು ಹೇಗೆ ಎಂಬ ಅಳುಕಿಗೆ ಮಾಡುವುದು ಎರಡನೆಯದು. ಇಲ್ಲಿ ಹೊರಗಿನ ಯಜಮಾನ ಒಳಗೆ ಬಂದು ಕೂತಿರುತ್ತಾನೆ. ಇದು ಮುಖ್ಯ, ಇದು ನಾನು ಬೆಲೆ ಕೊಡುವ ಬದುಕಿನ ಭಾಗ ಎಂದು ಒಪ್ಪಿ ಮಾಡುವುದು ಮೂರನೆಯದು. ನಾಲ್ಕನೆಯ ಹಂತದಲ್ಲಿ ಆ ಕೆಲಸ ತನ್ನ ವ್ಯಕ್ತಿತ್ವದೊಂದಿಗೆ ಬೆರೆತುಹೋಗಿರುತ್ತದೆ. ಕೊನೆಯ ಎರಡು ಹಂತಗಳಲ್ಲಿ ಕೆಲಸ ಕಷ್ಟದ್ದಾದರೂ ಮನಸ್ಸು ಸೋಲುವುದಿಲ್ಲ. ಪ್ರೇರಣೆಯ ಗುಣವನ್ನು ಅಳೆಯುವಾಗ ನೋಡಬೇಕಾದದ್ದು ಒಪ್ಪಿಗೆಯನ್ನು. ಖುಷಿ ಇದ್ದರೆ ಅದು ಲಾಭ.

ಓದುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಇಬ್ಬರು ಹುಡುಗಿಯರು ಒಂದೇ ಬೆಂಚಿನಲ್ಲಿ ಕೂತು ಸಿಇಟಿಗೆ ಓದುತ್ತಿದ್ದಾರೆ ಎನ್ನೋಣ. ಒಬ್ಬಳಿಗೆ ಜೀವಶಾಸ್ತ್ರದ ಸೆಳೆತವಿದೆ. ಇನ್ನೊಬ್ಬಳಿಗೆ ದೊಡ್ಡಪ್ಪನ ಮಗನಿಗಿಂತ ಹಿಂದೆ ಬಿದ್ದರೆ ಅಪ್ಪನ ಮುಖ ನೋಡಲಾಗದು ಎಂಬ ಭಯವಿದೆ. ಅಂಕ ಇಬ್ಬರಿಗೂ ಒಂದೇ ಬರಬಹುದು. ಕೆನನ್ ಶೆಲ್ಡನ್ ಮತ್ತು ಆಂಡ್ರ್ಯೂ ಎಲಿಯಟ್ 1999ರಲ್ಲಿ ತೋರಿಸಿದ್ದು ಇದನ್ನೇ: ತಮ್ಮ ಆಸಕ್ತಿ, ಮೌಲ್ಯಗಳಿಗೆ ಹೊಂದುವ ಗುರಿಗಾಗಿ ಜನ ಬಿಡದೆ ಶ್ರಮಿಸುತ್ತಾರೆ, ಅದನ್ನು ಮುಟ್ಟುವ ಸಾಧ್ಯತೆಯೂ ಹೆಚ್ಚು, ಮುಟ್ಟಿದಾಗ ಸಿಗುವ ತೃಪ್ತಿಯೂ ಹೆಚ್ಚು. ಹೇರಿದ ಗುರಿಯನ್ನು ಮುಟ್ಟಿದರೂ ತೃಪ್ತಿ ಅಷ್ಟಾಗಿ ಕೈಗೆ ಸಿಗುವುದಿಲ್ಲ.

ಯಾವುದರ ಹಿಂದೆ?

ಯಾಕೆ ಎಂಬುದರಷ್ಟೇ ಯಾವುದು ಎಂಬುದೂ ಮುಖ್ಯ. ಟಿಮ್ ಕಾಸರ್ ಮತ್ತು ರಯಾನ್ 1990ರ ದಶಕದಲ್ಲಿ ಜೀವನದ ಗುರಿಗಳನ್ನು ಎರಡು ಗುಂಪು ಮಾಡಿದರು. ಹಣ, ಹೆಸರು, ಚೆಂದ ಕಾಣುವುದು ಒಂದು ಗುಂಪು. ವ್ಯಕ್ತಿಯಾಗಿ ಬೆಳೆಯುವುದು, ಆಪ್ತ ಸಂಬಂಧಗಳು, ಸಮುದಾಯಕ್ಕೆ ನೆರವಾಗುವುದು ಇನ್ನೊಂದು. ಮೊದಲ ಗುಂಪಿನ ಗುರಿಗಳನ್ನು ಬದುಕಿನ ನಡುಮನೆಯಲ್ಲಿ ಕೂರಿಸಿಕೊಂಡವರಲ್ಲಿ ಲವಲವಿಕೆ ಕಡಿಮೆ, ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ಹೆಚ್ಚು ಕಂಡವು. ಗುರಿ ಮುಟ್ಟಿದ ಮೇಲಾದರೂ ಸರಿಹೋಗುತ್ತದೆಯೇ? 2009ರಲ್ಲಿ ನೀಮಿಕ್, ರಯಾನ್, ಡೆಸಿ ಆಗಷ್ಟೇ ಪದವಿ ಮುಗಿಸಿದವರನ್ನು ಹಿಂಬಾಲಿಸಿ ನೋಡಿದರು. ಬೆಳವಣಿಗೆ, ಸಂಬಂಧ, ಸಮುದಾಯದ ಗುರಿಗಳಲ್ಲಿ ಮುಂದೆ ಹೋದವರ ಮಾನಸಿಕ ಸ್ವಾಸ್ಥ್ಯ ಏರಿತ್ತು. ಹಣ, ಹೆಸರು, ರೂಪದ ಗುರಿಗಳಲ್ಲಿ ಮುಂದೆ ಹೋದವರ ಸ್ವಾಸ್ಥ್ಯ ಏರಿರಲಿಲ್ಲ. ಅಸ್ವಸ್ಥತೆಯ ಲಕ್ಷಣಗಳು ಮಾತ್ರ ಹೆಚ್ಚಿದ್ದವು.

ಇದನ್ನು ಬಡವನ ಮುಂದೆ ಉಪದೇಶವಾಗಿ ಹೇಳುವುದು ಅನ್ಯಾಯ. 2001-02ರ ಸುಮಾರಿಗೆ ಜಗತ್ತಿನ ಕಾಫಿ ಬೆಲೆ ಪಾತಾಳಕ್ಕೆ ಬಿದ್ದಾಗ ಚಿಕ್ಕಮಗಳೂರು ಜಿಲ್ಲೆಯ ಸಣ್ಣ ಬೆಳೆಗಾರರು ಕೊಯ್ಲಿನ ಕೂಲಿಯೂ ಹುಟ್ಟದೆ ಒದ್ದಾಡಿದರು. ಆ ಹೊತ್ತಿನಲ್ಲಿ ಹಣದ ಚಿಂತೆ ಮಾಡಿದವನ ಮೌಲ್ಯ ಕೆಟ್ಟಿತ್ತು ಎನ್ನಲಾಗದು. ಬ್ಯಾಂಕಿನ ಸಾಲ, ಮಗಳ ಫೀಸು, ಅಮ್ಮನ ಆಸ್ಪತ್ರೆ ಖರ್ಚು, ಇವುಗಳಿಗೆ ಬೇಕಾದ ಹಣ ಬದುಕಿನ ಆಧಾರ. ಅಧ್ಯಯನಗಳು ಎಚ್ಚರಿಸುವುದು ಆಧಾರವನ್ನು ದಾಟಿ, ಹಣವೇ ತನ್ನ ಬೆಲೆಯ ಅಳತೆಗೋಲಾದಾಗ. ಆ ಅಳತೆಗೋಲು ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಯ ಕೈಯಲ್ಲಿರುತ್ತದೆ. ಬೆಲೆ ಏರಿದ ವರ್ಷ ತಾನು ಗೆದ್ದವನು, ಇಳಿದ ವರ್ಷ ಸೋತವನು ಎಂದು ಎಣಿಸುವ ಬೆಳೆಗಾರ ತನ್ನ ನೆಮ್ಮದಿಯ ಕೀಲಿಯನ್ನು ಕಂಡರಿಯದವರಿಗೆ ಒಪ್ಪಿಸಿದ ಹಾಗೆ. ಮಣ್ಣನ್ನು ಸುಧಾರಿಸುತ್ತೇನೆ, ಈ ವರ್ಷ ಕಾಂಡಕೊರಕವನ್ನು ಹತೋಟಿಯಲ್ಲಿಡುತ್ತೇನೆ, ನೆರಳಿಗೆ ಕಾಡುಮರ ಉಳಿಸಿಕೊಳ್ಳುತ್ತೇನೆ ಎಂಬ ಗುರಿಗಳ ಮೇಲೆ ಅವನದೇ ಹಿಡಿತವಿರುತ್ತದೆ.

ಕರ್ತವ್ಯವೂ ನನ್ನ ಆಯ್ಕೆಯೇ?

‘ಸ್ವಂತ ಗುರಿ’ ಎಂದ ಕೂಡಲೇ ಅಪ್ಪ-ಅಮ್ಮನನ್ನು, ಮನೆ-ತೋಟವನ್ನು ಬಿಟ್ಟು ಹೊರಡುವುದೇ ಸ್ವಾತಂತ್ರ್ಯ ಎಂದು ತಿಳಿಯುವ ಅಪಾಯವಿದೆ. ಈ ವಿಷಯದಲ್ಲಿ ನಮ್ಮ ನಾಡಿಗೆ ಹತ್ತಿರದ ಸಂಶೋಧನೆ ಜೋನ್ ಮಿಲ್ಲರ್ ಅವರದು. ಈ ಅಮೆರಿಕನ್ ಮನಃಶಾಸ್ತ್ರಜ್ಞೆ ಮೈಸೂರಿನ ಜನರೊಂದಿಗೆ ಮಾಡಿದ ಅಧ್ಯಯನವನ್ನು 1984ರಲ್ಲಿ ಪ್ರಕಟಿಸಿದರು. ಒಬ್ಬ ವ್ಯಕ್ತಿ ಹೀಗೇಕೆ ಮಾಡಿದ ಎಂದು ಕೇಳಿದರೆ ಅಮೆರಿಕನ್ನರು ಅವನ ಸ್ವಭಾವವನ್ನು ಹೇಳುತ್ತಿದ್ದರು. ಮೈಸೂರಿನ ವಯಸ್ಕರು ಅವನ ಸನ್ನಿವೇಶ, ಸಂಬಂಧ, ಹೊಣೆಗಾರಿಕೆಯನ್ನು ಹೆಚ್ಚು ಹೇಳುತ್ತಿದ್ದರು. 2011ರಲ್ಲಿ ಮಿಲ್ಲರ್, ರೇಖಾ ದಾಸ್ ಮತ್ತು ಶರ್ಮಿಷ್ಠಾ ಚಕ್ರವರ್ತಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಬಂಧು-ಮಿತ್ರರಿಗೆ ನೆರವಾಗಬೇಕಾದ ಕರ್ತವ್ಯದ ಭಾವ ಭಾರತೀಯರಲ್ಲಿ ತೃಪ್ತಿಯೊಂದಿಗೂ ‘ನಾನೇ ಆರಿಸಿಕೊಂಡೆ’ ಎಂಬ ಭಾವದೊಂದಿಗೂ ಜೊತೆಜೊತೆಗೆ ಸಾಗುತ್ತಿತ್ತು. ಅಮೆರಿಕನ್ನರಲ್ಲಿ ಆ ನಂಟು ಕಾಣಲಿಲ್ಲ.

ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ. ಇಂದು ನಿಮ್ಮ ಮನೆಯ ನಾಟಿಗೆ ನಾವು, ನಾಳೆ ನಮ್ಮ ಮನೆಯದಕ್ಕೆ ನೀವು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳೂ ಹಾಗೆಯೇ ಇದ್ದವು: ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು-ಗಂಡಸರು, ನಡುನಡುವೆ ಕಾಫಿ, ಮದುವೆ-ಮುಂಜಿಯ ಸುದ್ದಿ, ಹಳೆಯ ಕಥೆ. ಇಂದು ಹಲವು ಕಡೆ ಸುಲಿಯುವ ಯಂತ್ರ ಬಂದಿದೆ, ಸುಲಿತ ಕಿಲೋ ಲೆಕ್ಕಕ್ಕೆ ಸಂದಿದೆ. ಕೆಲಸ ಹಗುರಾಗಿದೆ, ಅದು ಒಳ್ಳೆಯದೇ. ಬೆನ್ನು ನೋವು ತಿಂದವರಿಗೆ ಅದರ ಬೆಲೆ ಗೊತ್ತು. ಆದರೆ ಕೆಲಸದ ಜೊತೆಗೆ ಸಿಗುತ್ತಿದ್ದ ಮೂರನೆಯ ಅಗತ್ಯ, ಅಂದರೆ ಸಂಬಂಧ, ಈಗ ತಾನಾಗಿ ಸಿಗುವುದಿಲ್ಲ. ಅದನ್ನು ಬೇರೆ ದಾರಿಯಿಂದ ಕಟ್ಟಿಕೊಳ್ಳಬೇಕು.

ಈ ಮಾತು ಹಿರಿಯರಿಗೆ ಹೆಚ್ಚು ಸಲ್ಲುತ್ತದೆ. ಮಕ್ಕಳು ಬೆಂಗಳೂರು, ಅಮೆರಿಕ ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಅಪ್ಪ-ಅಮ್ಮಂದಿರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವ ಊರಿನಲ್ಲಿಲ್ಲ? ಕ್ಯಾರಲ್ ರಿಫ್ 1989ರಲ್ಲಿ ಮಾನಸಿಕ ಸ್ವಾಸ್ಥ್ಯಕ್ಕೆ ಆರು ಅಂಗಗಳನ್ನು ಹೇಳಿದರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಒಳ್ಳೆಯ ಸಂಬಂಧ, ಸ್ವಾಯತ್ತತೆ, ಸುತ್ತಲಿನ ಬದುಕನ್ನು ನಿಭಾಯಿಸುವ ಶಕ್ತಿ, ಬದುಕಿಗೊಂದು ಉದ್ದೇಶ, ಬೆಳವಣಿಗೆ. ಇವುಗಳಲ್ಲಿ ಉದ್ದೇಶವನ್ನು ಮಾತ್ರ ಹಿಡಿದು ಷಿಕಾಗೋದ ಪೆಟ್ರೀಷಿಯಾ ಬಾಯ್ಲ್ ಮತ್ತು ಸಂಗಡಿಗರು 1,238 ಹಿರಿಯರನ್ನು ಐದು ವರ್ಷದವರೆಗೆ ಗಮನಿಸಿದರು. ಬದುಕಿಗೆ ಉದ್ದೇಶವಿದೆ ಎಂಬ ಭಾವ ಗಟ್ಟಿಯಾಗಿದ್ದವರಲ್ಲಿ ಆ ಅವಧಿಯಲ್ಲಿ ಸಾವಿನ ಸಂಭವ, ಆ ಭಾವ ತೀರ ಕಡಿಮೆಯಿದ್ದವರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಉದ್ದೇಶವೇ ಆಯುಷ್ಯ ಹೆಚ್ಚಿಸಿತು ಎಂದು ಇದರಿಂದ ಸಾಧಿಸಲಾಗದು. ಆರೋಗ್ಯ ಚೆನ್ನಾಗಿದ್ದವರಿಗೆ ಉದ್ದೇಶ ಉಳಿಸಿಕೊಳ್ಳುವುದೂ ಸುಲಭವಿರಬಹುದು. ಆದರೂ, ‘ನೀವಿನ್ನು ಆರಾಮಾಗಿರಿ, ಏನೂ ಮಾಡಬೇಡಿ’ ಎಂದು ಪ್ರೀತಿಯಿಂದ ಹೇಳುವ ಮಕ್ಕಳು ಒಮ್ಮೆ ಯೋಚಿಸಬೇಕು. ಸಸಿಮಡಿಯ ಜವಾಬ್ದಾರಿಯನ್ನೋ, ದನದ ಕೊಟ್ಟಿಗೆಯ ಲೆಕ್ಕವನ್ನೋ ಅಪ್ಪಯ್ಯನ ಕೈಯಿಂದ ಕಸಿದುಕೊಂಡರೆ ಕೆಲಸದ ಜೊತೆಗೆ ಬೆಳಿಗ್ಗೆ ಏಳುವ ಕಾರಣವನ್ನೂ ಕಸಿದುಕೊಂಡಂತೆ ಆಗಬಹುದು.

ಇಳಿಸುವುದೂ ಒಂದು ಶಕ್ತಿ

ಹಿಡಿದ ಗುರಿ ಬಿಡಬಾರದು ಎಂಬುದು ಎಲ್ಲ ಭಾಷಣಗಳ ಮಾತು. ಶೃಂಗೇರಿ, ಕೊಪ್ಪದ ಅಡಿಕೆ ಬೆಳೆಗಾರರ ಅನುಭವ ಅದಕ್ಕೆ ಒಂದು ತಿದ್ದುಪಡಿ ಕೊಡುತ್ತದೆ. 1914ರಲ್ಲಿ ಕೇರಳದಲ್ಲಿ ಮೊದಲು ವರದಿಯಾದ ಹಳದಿ ಎಲೆ ರೋಗ ದಶಕಗಳಿಂದ ಈ ಸೀಮೆಯ ತೋಟಗಳನ್ನು ತಿನ್ನುತ್ತಿದೆ. ಫೈಟೋಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವ ಇದಕ್ಕೆ ಗುಣಪಡಿಸುವ ಮದ್ದಿಲ್ಲ. ಸೋಗೆ ತುದಿಯಿಂದ ಹಳದಿಯಾಗುತ್ತ ಬರುತ್ತದೆ, ಕಾಯಿಯ ತಿರುಳು ಕೆಡುತ್ತದೆ, ಇಳುವರಿ ವರ್ಷವರ್ಷ ಕುಸಿಯುತ್ತದೆ. ಅಜ್ಜ ನೆಟ್ಟ ತೋಟ ಕಣ್ಣೆದುರೇ ಬರಿದಾಗುವುದು ಹಣದ ನಷ್ಟ ಮಾತ್ರವಲ್ಲ. ‘ನಾನು ಅಡಿಕೆ ಬೆಳೆಗಾರ’ ಎಂಬ ಗುರುತೇ ಅಲ್ಲಿ ಅಲುಗುತ್ತದೆ.

ಕಾರ್ಸ್ಟೆನ್ ರಾಷ್ ಮತ್ತು ಸಂಗಡಿಗರು 2003ರಲ್ಲಿ ಇಂಥ ಸನ್ನಿವೇಶವನ್ನೇ ಅಭ್ಯಾಸ ಮಾಡಿದರು. ಗುರಿ ಕೈಗೆಟುಕದು ಎಂದಾದಾಗ ಅದರಿಂದ ಮನಸ್ಸನ್ನು ಬಿಡಿಸಿಕೊಳ್ಳಬಲ್ಲವರು, ಮತ್ತು ಬದಲಿಗೆ ಅರ್ಥವುಳ್ಳ ಹೊಸ ಗುರಿಯನ್ನು ಹಿಡಿಯಬಲ್ಲವರು ಹೆಚ್ಚು ನೆಮ್ಮದಿಯಿಂದಿದ್ದರು. ಎರಡೂ ಬೇಕು. ಬಿಟ್ಟು ಏನನ್ನೂ ಹಿಡಿಯದೆ ಹೋದರೆ ಉಳಿಯುವುದು ಶೂನ್ಯ. ರೋಗ ಬಂದ ತೋಟದಲ್ಲಿ ಕಾಫಿ, ಕಾಳುಮೆಣಸು, ಬಾಳೆಯತ್ತ ಹೊರಳಿದವರನ್ನು ಸೋತವರು ಎಂದು ಕರೆಯುವುದು ತಪ್ಪು. ಮಣ್ಣನ್ನು ನಂಬಿ ಬದುಕುವುದು ಅವರ ದೊಡ್ಡ ಗುರಿ. ಅಡಿಕೆ ಅದಕ್ಕೆ ಒಂದು ದಾರಿಯಾಗಿತ್ತು. ದೊಡ್ಡ ಗುರಿಯನ್ನು ಉಳಿಸಿಕೊಳ್ಳಲು ಚಿಕ್ಕದನ್ನು ಬಿಟ್ಟಿದ್ದಾರೆ.

ಬಿಡುವ ಆಯ್ಕೆಯಲ್ಲಿ ಜನರ ಮಾತು ನಡೆದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಭದ್ರಾ ಅಭಯಾರಣ್ಯ ಸಾಕ್ಷಿ. 2002ರ ಸುಮಾರಿಗೆ ಕಾಡಿನೊಳಗಿನ ಹಳ್ಳಿಗಳ 419 ಕುಟುಂಬಗಳು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡವು. ಕಾಡುಪ್ರಾಣಿಗಳಿಂದ ಬೆಳೆನಾಶ, ಶಾಲೆ-ಆಸ್ಪತ್ರೆಯ ದೂರ, ಇವುಗಳಿಂದ ಬೇಸತ್ತು ಹೊರಡಲು ಒಪ್ಪಿದವರು ಅವರಲ್ಲಿ ಬಹಳ ಮಂದಿ. ಸಂಶೋಧಕಿ ಕೃತಿ ಕಾರಂತ್ ಆ ಕುಟುಂಬಗಳನ್ನು 2002ರಲ್ಲೂ 2006ರಲ್ಲೂ ಮಾತನಾಡಿಸಿ ಅಧ್ಯಯನ ಮಾಡಿದರು. ಶೇ. 71ರಷ್ಟು ಜನ ತಮ್ಮ ಜೀವನಮಟ್ಟ ತೃಪ್ತಿಕರ ಎಂದರು. ಹುಟ್ಟಿದ ಊರು ಬಿಡುವುದಕ್ಕಿಂತ ದೊಡ್ಡ ನೋವು ರೈತನಿಗೆ ಕಡಿಮೆ. ಆ ನೋವನ್ನು ಸಹ್ಯಗೊಳಿಸಿದ್ದು ಭೂಮಿಗೆ ಬದಲಾಗಿ ಭೂಮಿ, ಮಕ್ಕಳಿಗೆ ಶಾಲೆ ಎಂಬ ಹೊಸ ನಿರೀಕ್ಷೆ, ಮತ್ತು ತಮ್ಮ ಒಪ್ಪಿಗೆ ಕೇಳಿದ್ದಾರೆ ಎಂಬ ಗೌರವ ಎಂದು ನಾನು ನಂಬುತ್ತೇನೆ.

ಮನೆಯಲ್ಲಿ ಕೇಳಬೇಕಾದ್ದು

ಗುರಿ ಮತ್ತು ಪ್ರೇರಣೆಯ ಈ ವಿಜ್ಞಾನ ಎಲ್ಲ ಸಂಕಟಕ್ಕೂ ಮದ್ದಲ್ಲ. ವಾರಗಟ್ಟಲೆ ನಿದ್ದೆ, ಊಟ, ಆಸಕ್ತಿ ಹೋಗಿ, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ. ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಮಾತು ಅಲ್ಲಿ ಕೆಲಸಕ್ಕೆ ಬಾರದು. ವೈದ್ಯರ ಬಳಿಗೆ ಹೋಗಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಉಳಿದಂತೆ ನಾವು ನಮ್ಮ ಮನೆಗಳಲ್ಲೇ ಮಾಡಬಹುದಾದದ್ದು ಬಹಳ ಇದೆ. ಮಗ ತೋಟಕ್ಕೆ ಮರಳುತ್ತೇನೆ ಎಂದರೆ, ಮಗಳು ಹೊರಗೆ ಓದಲು ಹೋಗುತ್ತೇನೆ ಎಂದರೆ, ‘ಜನ ಏನೆನ್ನುತ್ತಾರೆ’ ಎಂಬುದಕ್ಕೆ ಮೊದಲು ‘ನಿನಗೆ ಯಾಕೆ ಹಾಗನ್ನಿಸಿತು’ ಎಂದು ಕೇಳಿ. ಅಂಕಪಟ್ಟಿ ನೋಡುವ ದಿನ ಅಂಕದ ಜೊತೆಗೆ ಯಾವ ಪಾಠ ಇಷ್ಟವಾಯಿತು ಎಂದೂ ವಿಚಾರಿಸಿ. ವಯಸ್ಸಾದವರಿಗೆ ಅವರದೇ ಆದ ಒಂದು ಜವಾಬ್ದಾರಿ ಉಳಿಸಿ. ಬೆಳೆ ಬದಲಿಸಿದ ನೆರೆಯವನನ್ನು ಆಡಿಕೊಳ್ಳಬೇಡಿ. ಸಾಧ್ಯವಾದರೆ ಒಂದು ದಿನ ಮುಯ್ಯಿಗೆ ಹೋಗಿ. ನಿಮ್ಮದೇ ಗುರಿಯ ಬಗ್ಗೆ ವರ್ಷಕ್ಕೊಮ್ಮೆಯಾದರೂ ಕೂತು ಯೋಚಿಸಿ: ಇದು ನಾನು ಒಪ್ಪಿ ಹೊತ್ತದ್ದೇ, ಯಾರೋ ಹೊರಿಸಿದ್ದೇ? ಹೊರಿಸಿದ್ದು ಎಂದು ತಿಳಿದರೆ ಎರಡು ದಾರಿಗಳಿವೆ. ಅದರಲ್ಲಿ ನಿಮಗೆ ಬೆಲೆಯುಳ್ಳದ್ದು ಏನಿದೆ ಎಂದು ಹುಡುಕಿ ಮನಸಾರೆ ಒಪ್ಪಿಕೊಳ್ಳಿ, ಇಲ್ಲವೇ ನಾಚಿಕೆಯಿಲ್ಲದೆ ಇಳಿಸಿ. ಒಪ್ಪದೆಯೂ ಇಳಿಸದೆಯೂ ಹೊತ್ತು ನಡೆಯುವುದೇ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಸವೆಸುತ್ತದೆ.